ನೀಲಿ ಬೆಳಕಿನ ತೊಟ್ಟಿಲು: ಅಳೆಯುವವರು ಯಾರು, ಬೆಲೆ ಕಟ್ಟುವವರು ಯಾರು?

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ರಾಕ್‌ಫರ್ಡ್ ಎಂಬ ಊರು. ಅಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆಂದೇ ಒಂದು ವಾರ್ಡು. ಅದನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಜೀನ್ ವಾರ್ಡ್. ನಾಲ್ಕು ಗೋಡೆಗಳ ಒಳಗಿನ ಬಿಸಿಗಾಳಿಗಿಂತ ಹೊರಗಿನ ತಾಜಾ ಗಾಳಿ, ಬಿಸಿಲು ಮಕ್ಕಳಿಗೆ ಒಳ್ಳೆಯದು ಎಂಬುದು ಆಕೆಯ ನಂಬಿಕೆ. 1956ರ ಬೇಸಿಗೆಯಲ್ಲಿ ಹವೆ ಚೆನ್ನಾಗಿದ್ದ ದಿನಗಳಲ್ಲಿ ಆಕೆ ಕೂಸುಗಳನ್ನು ಅಂಗಳಕ್ಕೆ ಒಯ್ದು, ವೈದ್ಯರು ಸುತ್ತಿಗೆ ಬರುವ ಮೊದಲೇ ಒಳಗೆ ತಂದು ಮಲಗಿಸುತ್ತಿದ್ದರು.

ಒಂದು ದಿನ ವೈದ್ಯರ ಮುಂದೆ ಒಂದು ಕೂಸಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಒಂದೇ ಒಂದು ಕಡೆ ಮಾತ್ರ ತ್ರಿಕೋನಾಕಾರದ ಗಾಢ ಹಳದಿ ಪಟ್ಟೆ. ಏನಾದರೂ ಔಷಧ ಬಳಿದಿರಾ ಎಂದು ವೈದ್ಯರು ಕೇಳಿದರು. ಬಳಿದಿರಲಿಲ್ಲ. ಕೂಸಿಗೆ ಕಾಮಾಲೆ ಇತ್ತು. ಬಿಸಿಲು ಬಿದ್ದ ಕಡೆ ಹಳದಿ ಮಾಯವಾಗಿತ್ತು. ಹೊದಿಕೆಯ ಮೂಲೆ ಮುಚ್ಚಿಕೊಂಡಿದ್ದ ಜಾಗದಲ್ಲಿ ಮಾತ್ರ ಉಳಿದಿತ್ತು!

ಕೆಲವು ವಾರಗಳ ನಂತರ ಇನ್ನೊಂದು ಆಕಸ್ಮಿಕ. ಕಾಮಾಲೆಯ ಕೂಸೊಂದರ ರಕ್ತದ ಮಾದರಿಯ ನಳಿಕೆ ಪ್ರಯೋಗಾಲಯದಲ್ಲಿ ಬಿಸಿಲಿಗೆ ಬಿದ್ದಿತ್ತು. ಪರೀಕ್ಷಿಸಿದಾಗ ಅದರಲ್ಲಿ ಹಳದಿ ವಸ್ತುವಿನ ಪ್ರಮಾಣ ನಿರೀಕ್ಷೆಗಿಂತ ಬಹಳ ಕಡಿಮೆ. ಎರಡನ್ನೂ ಜೋಡಿಸಿ ನೋಡಿದವರು ಅಲ್ಲಿನ ಕಿರಿಯ ವೈದ್ಯ ರಿಚರ್ಡ್ ಕ್ರೆಮರ್. ಪೆರಿಮನ್ ಮತ್ತು ರಿಚರ್ಡ್ಸ್ ಎಂಬ ಸಹೋದ್ಯೋಗಿಗಳೊಂದಿಗೆ ಅವರು ನೀಲಿ ಟ್ಯೂಬ್‌ಲೈಟುಗಳನ್ನು ಜೋಡಿಸಿದ ಒಂದು ತೊಟ್ಟಿಲನ್ನೇ ಮಾಡಿಸಿದರು. ಫಲಿತಾಂಶ 1958ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೂ ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಹತ್ತು ವರ್ಷ ಬೇಕಾಯಿತು. 1968ರಲ್ಲಿ ಅಮೆರಿಕದ ಡಾ. ಜೆರಾಲ್ಡ್ ಲೂಸಿ ಮತ್ತು ಸಂಗಡಿಗರು ಕ್ರಮಬದ್ಧ ಪ್ರಯೋಗ ನಡೆಸಿ ತೋರಿಸಿದ ಮೇಲೆ ನೀಲಿ ದೀಪ ಆಸ್ಪತ್ರೆ ಆಸ್ಪತ್ರೆಗೂ ಹಬ್ಬಿತು.

ಇಂದು ನಮ್ಮ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲೂ ಈ ದೀಪ ಇರುತ್ತದೆ. ಹೆರಿಗೆಯಾಗಿ ಮೂರನೆಯ ದಿನ, ಮನೆಗೆ ಹೊರಡಲು ಚೀಲ ಕಟ್ಟಿಕೊಂಡ ಬಾಣಂತಿಗೆ 'ಕೂಸಿಗೆ ಕಾಮಾಲೆ ಇದೆ, ಲೈಟಿಗೆ ಇಡಬೇಕು' ಎಂದು ಹೇಳುತ್ತಾರೆ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಾಳೆ. ಅಪ್ಪ ಬಿಲ್ಲಿನ ಲೆಕ್ಕ ಹಾಕುತ್ತಾನೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಕೂಸು ನೀಲಿ ಬೆಳಕಿನಲ್ಲಿ ಎರಡು ಮೂರು ದಿನ ಮಲಗುತ್ತದೆ. ಆ ದೀಪದಿಂದ ಬರುತ್ತಿರುವ ಬೆಳಕು ಸಾಕಷ್ಟಿದೆಯೆ? ಅದಕ್ಕೆ ಕೊಡುತ್ತಿರುವ ಹಣ ನ್ಯಾಯವಾದುದೆ? ಈ ಎರಡು ಪ್ರಶ್ನೆಗಳನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಸ್ಥಿತಿಯಲ್ಲೂ ಇರುವುದಿಲ್ಲ. ಅವರ ಪರವಾಗಿ ಕೇಳಬೇಕಾದದ್ದು ಕಾನೂನು.

ಕೂಸು ಹಳದಿಯಾಗುವುದೇಕೆ?

ಮೊದಲು ಸ್ವಲ್ಪ ವಿಜ್ಞಾನ. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ನವಜಾತ ಶಿಶುವಿನಲ್ಲಿ ಈ ಕಣಗಳ ಸಂಖ್ಯೆ ಹೆಚ್ಚು, ಆಯಸ್ಸು ಕಡಿಮೆ. ಒಡೆದ ಕಣದ ಹೀಮೋಗ್ಲೋಬಿನ್‌ನಿಂದ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಅದರಿಂದ ಹಳದಿ ಬಣ್ಣದ ಬಿಲಿರುಬಿನ್ ಉಂಟಾಗುತ್ತದೆ. (ಏಟು ಬಿದ್ದ ಜಾಗ ಮೊದಲು ನೀಲಿಗಟ್ಟಿ, ಆಮೇಲೆ ಹಸಿರಾಗಿ, ಕೊನೆಗೆ ಹಳದಿಯಾಗುವುದೂ ಇದೇ ಕಾರಣಕ್ಕೆ.) ಬಿಲಿರುಬಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಯಕೃತ್ತು ಅದಕ್ಕೆ ಇನ್ನೊಂದು ವಸ್ತುವನ್ನು ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿದ ಮೇಲೆ ಅದು ಪಿತ್ತರಸದ ಮೂಲಕ ಹೊರಹೋಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ಯಕೃತ್ತಿಗೆ ಈ ಕೆಲಸ ಇನ್ನೂ ಪಳಗಿರುವುದಿಲ್ಲ. ಹಾಗಾಗಿ ದಿನ ತುಂಬಿ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ ಸುಮಾರು 60, ಮುಂಚೆ ಹುಟ್ಟಿದವುಗಳಲ್ಲಿ ಸುಮಾರು 80 ಕೂಸುಗಳು ಮೊದಲ ವಾರದಲ್ಲಿ ಹಳದಿ ಬಣ್ಣಕ್ಕೆ ತಿರುಗುತ್ತವೆ.

ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ. ಗಾಬರಿ ಬೇಕಿಲ್ಲ. ಆದರೆ ತಾಯಿ-ಮಗುವಿನ ರಕ್ತದ ಗುಂಪು ಹೊಂದದಿದ್ದಾಗ, ಕೂಸು ತೀರ ಚಿಕ್ಕದಾಗಿದ್ದಾಗ, ಸೋಂಕು ತಗಲಿದಾಗ ಬಿಲಿರುಬಿನ್ ಮಿತಿ ಮೀರಬಹುದು. ಕೊಬ್ಬಿನಲ್ಲಿ ಕರಗುವ ಗುಣ ಇಲ್ಲಿ ಶತ್ರು. ಅದು ಮಿದುಳಿಗೆ ನುಗ್ಗಿ ಅಲ್ಲಿನ ಜೀವಕೋಶಗಳನ್ನು ಹಾಳು ಮಾಡಿದರೆ ಕಿವುಡು, ಅಂಗಗಳ ಹತೋಟಿ ತಪ್ಪುವಿಕೆ ಜೀವನವಿಡೀ ಉಳಿಯುತ್ತವೆ, ಸಾವೂ ಬರಬಹುದು. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಾಣಿಸಿಕೊಂಡರೆ, ಅಂಗೈ ಅಂಗಾಲಿಗೂ ಬಣ್ಣ ಇಳಿದಿದ್ದರೆ, ಕೂಸು ಹಾಲು ಕುಡಿಯದೆ ಮಂಕಾಗಿ ಮಲಗಿದ್ದರೆ ನಾಳೆಗೆ ನೋಡೋಣ ಎನ್ನದೆ ಆ ಕ್ಷಣವೇ ವೈದ್ಯರಲ್ಲಿಗೆ ಓಡಬೇಕು.

ಬೆಳಕು ಮಾಡುವ ಕೆಲಸ ಸೊಗಸಾಗಿದೆ. ಬಿಲಿರುಬಿನ್ ಅಣು ತನ್ನೊಳಗೇ ಹೈಡ್ರೊಜನ್ ಬಂಧಗಳಿಂದ ಮಡಚಿಕೊಂಡು ಕೂತಿರುತ್ತದೆ. ನೀರಿಗೆ ಅಂಟಲು ಬೇಕಾದ ಭಾಗಗಳೆಲ್ಲ ಒಳಗಡೆ ಅಡಗಿರುತ್ತವೆ. ನೀಲಿ ಬೆಳಕಿನ ಕಣವೊಂದು ತಗುಲಿದಾಗ ಅಣುವಿನ ಒಂದು ದ್ವಿಬಂಧದ ಸುತ್ತ ಅದು ತಿರುಚಿಕೊಳ್ಳುತ್ತದೆ. ಮಡಿಕೆ ಬಿಚ್ಚುತ್ತದೆ. ಅಣುಸೂತ್ರ ಅದೇ, ಆಕಾರ ಬೇರೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಓದುವ ಸಮಾಂಗಿ ಎಂದರೆ ಇದೇ. ಈ ಹೊಸ ರೂಪ ಯಕೃತ್ತಿನ ಜೋಡಣೆಗೆ ಕಾಯದೆ ಪಿತ್ತರಸದಲ್ಲಿ ಹೊರಬೀಳುತ್ತದೆ. ಲ್ಯೂಮಿರುಬಿನ್ ಎಂಬ ಇನ್ನೊಂದು ರೂಪ ಮೂತ್ರದಲ್ಲೂ ಹೋಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಸಮಾಂಗತೆ ಹೀಗೆ ದಿನವೂ ಕೂಸುಗಳ ಮಿದುಳನ್ನು ಕಾಯುತ್ತಿದೆ.

ಕಣ್ಣಿಗೆ ಆಗುವ ಮೋಸ

ಬಿಲಿರುಬಿನ್ ಅತಿ ಹೆಚ್ಚಾಗಿ ಹೀರಿಕೊಳ್ಳುವುದು ಸುಮಾರು 460 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕನ್ನು. ಆದ್ದರಿಂದ ದೀಪದ ಯೋಗ್ಯತೆಯನ್ನು ನೀಲಿ ಪಟ್ಟಿಯಲ್ಲಿ ಎಷ್ಟು ಶಕ್ತಿ ಕೂಸಿನ ಚರ್ಮಕ್ಕೆ ತಲುಪುತ್ತಿದೆ ಎಂಬುದರಿಂದ ಅಳೆಯುತ್ತಾರೆ. ಇದರ ಮಾನ ಸ್ವಲ್ಪ ಉದ್ದ: ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಇಷ್ಟು ಮೈಕ್ರೋವ್ಯಾಟ್. ಸಾಧಾರಣ ಚಿಕಿತ್ಸೆಗೆ 8ರಿಂದ 10 ಇದ್ದರೆ ಸಾಕು ಎಂಬ ಲೆಕ್ಕ ಹಿಂದೆ ಇತ್ತು. ತೀವ್ರ ಚಿಕಿತ್ಸೆಗೆ ಕನಿಷ್ಠ 30 ಇರಬೇಕು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2004ರಲ್ಲಿ ಹೇಳಿತು; 2022ರ ಪರಿಷ್ಕೃತ ಮಾರ್ಗಸೂಚಿಯಲ್ಲೂ 30 ಎಂಬ ಅಂಕಿಯೇ ಇದೆ.

ಇಲ್ಲೇ ತೊಡಕು. ಮನುಷ್ಯನ ಕಣ್ಣಿಗೆ ಅತಿ ಚುರುಕಾಗಿ ಕಾಣುವ ಬೆಳಕು 555 ನ್ಯಾನೋಮೀಟರಿನ ಹಸಿರು-ಹಳದಿ. 460ರ ನೀಲಿಗೆ ಬಂದಾಗ ಕಣ್ಣಿನ ಸಂವೇದನೆ ಅದರ ನೂರರಲ್ಲಿ ಆರು ಪಾಲಿಗೆ ಇಳಿಯುತ್ತದೆ. ಅಂದರೆ ಕಣ್ಣಿಗೆ ಝಗಝಗಿಸುವ ಬಿಳಿ ದೀಪ ಕೂಸಿಗೆ ನಿಷ್ಪ್ರಯೋಜಕವಾಗಿರಬಹುದು. ಮಂಕಾಗಿ ಕಾಣುವ ನೀಲಿ ದೀಪ ಬಲವಾದ ಔಷಧವಾಗಿರಬಹುದು. ಮೊಬೈಲ್ ಫೋನಿನಲ್ಲಿ ಬೆಳಕಳೆಯುವ ಆ್ಯಪ್ ಇಟ್ಟುಕೊಂಡವರೂ ಮೋಸಹೋಗುತ್ತಾರೆ, ಏಕೆಂದರೆ ಲಕ್ಸ್ ಎಂಬ ಮಾನವೇ ಮನುಷ್ಯನ ಕಣ್ಣಿಗೆ ತಕ್ಕಂತೆ ಹೊಲಿದ ಅಂಗಿ.

ಇನ್ನೊಂದು ವಿಚಾರ ವಯಸ್ಸಿನದು. ಹಳೆಯ ಮಾದರಿಯ ನೀಲಿ ಟ್ಯೂಬುಗಳು ಬೆಳಗುತ್ತಾ ಬೆಳಗುತ್ತಾ ಶಕ್ತಿ ಕಳೆದುಕೊಳ್ಳುತ್ತವೆ. ಸಾವಿರ, ಎರಡು ಸಾವಿರ ಗಂಟೆ ಉರಿದ ಮೇಲೆ ಬದಲಾಯಿಸಬೇಕೆಂಬುದು ವಾಡಿಕೆಯ ನಿಯಮ. ಹಗಲಿರುಳು ಉರಿಯುವ ವಾರ್ಡಿನಲ್ಲಿ ಸಾವಿರ ಗಂಟೆ ಎಂದರೆ ಆರು ವಾರ! ಆದರೆ ಟ್ಯೂಬು ಕೆಟ್ಟು ನಿಲ್ಲುವುದಿಲ್ಲ, ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ದೂರದ ಪ್ರಶ್ನೆಯೂ ಇದೆ. ಚಿಕ್ಕ ಬಲ್ಬಾದರೆ ದೂರ ಎರಡರಷ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿಯುತ್ತೇವೆ. ಉದ್ದನೆಯ ಟ್ಯೂಬುಗಳ ಸಾಲಿನಲ್ಲಿ ಇಳಿತ ಅಷ್ಟು ಕಡಿದಾಗಿಲ್ಲ, ಆದರೂ ನಷ್ಟ ಸಣ್ಣದಲ್ಲ. ದೀಪವನ್ನು ಒಂದು ಗೇಣು ಮೇಲೆ ಸರಿಸಿದ ಕೈಗೆ ತಾನು ಔಷಧದ ಪ್ರಮಾಣ ಕಡಿಮೆ ಮಾಡಿದೆನೆಂಬ ಅರಿವೇ ಇರುವುದಿಲ್ಲ. ನೈಜೀರಿಯ, ಭಾರತದಂಥ ದೇಶಗಳಲ್ಲಿ ಆಸ್ಪತ್ರೆಯ ದೀಪಗಳಿಗೆ ಮಾಪಕ ಹಿಡಿದು ನೋಡಿದವರಿಗೆ ಬೇಕಾದ ಬೆಳಕು ಕೊಡದ ದೀಪಗಳು ಧಾರಾಳವಾಗಿ ಸಿಕ್ಕಿವೆ.

ಇದಕ್ಕೆ ಪರಿಹಾರ ಒದಗಿಸಿದ್ದು ನೀಲಿ ಎಲ್‌ಇಡಿ. ಅದನ್ನು ಸಾಧಿಸಿದ ಜಪಾನ್ ಮೂಲದ ಅಕಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಎಲ್‌ಇಡಿ ಬೇಕಾದ ನೀಲಿಯನ್ನೇ ಸೂಸುತ್ತದೆ, ಶಾಖ ಕಡಿಮೆ, ಹತ್ತಾರು ಸಾವಿರ ಗಂಟೆ ಬಾಳುತ್ತದೆ. ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಸಂಸ್ಥೆ ಅಮೆರಿಕದ ಡಿ-ರೆವ್ ಎಂಬ ಲಾಭರಹಿತ ವಿನ್ಯಾಸ ಸಂಸ್ಥೆಯೊಂದಿಗೆ ಸೇರಿ 2012ರಲ್ಲಿ 'ಬ್ರಿಲಿಯನ್ಸ್' ಎಂಬ ಎಲ್‌ಇಡಿ ದೀಪವನ್ನು ಹೊರತಂದಿತು. ಆಗ ಪಾಶ್ಚಾತ್ಯ ಮಾದರಿಗಳು ಮೂರು ಸಾವಿರ ಡಾಲರಿನ ಸುತ್ತಮುತ್ತ ಇದ್ದರೆ ಇದರ ಬೆಲೆ ಸುಮಾರು 400 ಡಾಲರ್. ಒಂದೇ ಕೆಲಸಕ್ಕೆ ಏಳೆಂಟು ಪಟ್ಟು ಅಂತರ ಸಾಧ್ಯವೆಂದಾದರೆ ಬೆಲೆ ಎಂಬುದು ತಯಾರಿಕೆಯ ವೆಚ್ಚವೊಂದನ್ನೇ ನೆಚ್ಚಿಕೊಂಡಿಲ್ಲ ಎಂದಾಯಿತಲ್ಲವೆ?

ಕಾನೂನಿನ ಕಣ್ಣಿಗೆ ದೀಪವೂ ಔಷಧ

ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳಿಗೆ ಪ್ರತ್ಯೇಕ ಕಾಯ್ದೆ ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯೇ ಆಧಾರ. ಸರ್ಕಾರ ಅಧಿಸೂಚನೆ ಹೊರಡಿಸಿದ ಉಪಕರಣಗಳನ್ನು ಅದು 'ಔಷಧ' ಎಂದೇ ಪರಿಗಣಿಸುತ್ತದೆ. ಕೇಳಲು ವಿಚಿತ್ರ, ಆದರೆ ನೀಲಿ ದೀಪದ ಮಟ್ಟಿಗೆ ಅದು ವಿಜ್ಞಾನಕ್ಕೆ ಒಪ್ಪುವ ಮಾತು. ಅದಕ್ಕೂ ಗುಳಿಗೆಯಂತೆ ಪ್ರಮಾಣವಿದೆ: ಬೆಳಕಿನ ತೀವ್ರತೆ, ಬೆಳಕು ಬಿದ್ದ ಚರ್ಮದ ವಿಸ್ತಾರ, ಇಟ್ಟ ಹೊತ್ತು.

ಬಹುಕಾಲ ಕೆಲವೇ ಕೆಲವು ಉಪಕರಣಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಉಪಕರಣಗಳಿಗೆಂದೇ ರೂಪಿಸಿದ 2017ರ ವೈದ್ಯಕೀಯ ಉಪಕರಣಗಳ ನಿಯಮಗಳು 2018ರ ಜನವರಿ 1ರಂದು ಜಾರಿಗೆ ಬಂದವು. 2020ರ ಫೆಬ್ರವರಿಯ ಅಧಿಸೂಚನೆ ಅದೇ ವರ್ಷದ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಒಳಗೆ ತಂದಿತು. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳು. ಕಡಿಮೆ ಅಪಾಯದ ಎ ಮತ್ತು ಬಿ ವರ್ಗದ ಉಪಕರಣ ತಯಾರಿಸಲು ಲೈಸೆನ್ಸು ಕೊಡುವವರು ರಾಜ್ಯದ ಅಧಿಕಾರಿಗಳು. ಸಿ ಮತ್ತು ಡಿ ವರ್ಗಕ್ಕೂ, ವಿದೇಶದಿಂದ ತರಿಸುವುದಕ್ಕೂ ಕೇಂದ್ರದ ಒಪ್ಪಿಗೆ ಬೇಕು. ಲೈಸೆನ್ಸು ಕಡ್ಡಾಯವಾದದ್ದು ಎ, ಬಿ ವರ್ಗಕ್ಕೆ 2022ರ ಅಕ್ಟೋಬರಿನಿಂದ, ಸಿ, ಡಿ ವರ್ಗಕ್ಕೆ 2023ರ ಅಕ್ಟೋಬರಿನಿಂದ.

ಗುಣಮಟ್ಟದ ಬಗ್ಗೆ ನಿಯಮ ಹೇಳುವುದಿಷ್ಟು: ಭಾರತೀಯ ಮಾನಕ ಬ್ಯೂರೊ ಅಥವಾ ಕೇಂದ್ರ ಆರೋಗ್ಯ ಸಚಿವಾಲಯ ಗೊತ್ತುಪಡಿಸಿದ ಮಾನಕವಿದ್ದರೆ ಅದು, ಇಲ್ಲದಿದ್ದರೆ ಅಂತರರಾಷ್ಟ್ರೀಯ ಮಾನಕ, ಅದೂ ಇಲ್ಲದಿದ್ದರೆ ತಯಾರಕರು ತಾವೇ ದೃಢಪಡಿಸಿಕೊಂಡ ಮಾನಕ. ಕೂಸುಗಳ ದೀಪಕ್ಕೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60601-2-50 ಎಂಬ ಮಾನಕವಿದೆ. ಅದು 400ರಿಂದ 550 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಅಳೆಯಬೇಕೆನ್ನುತ್ತದೆ. ಅಳತೆ ನಡುಮಧ್ಯದ ಒಂದು ಬಿಂದುವಿನಲ್ಲಿ ಮಾತ್ರವಲ್ಲ, ಕೂಸು ಮಲಗುವ ಜಾಗವನ್ನೆಲ್ಲ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕದಲ್ಲೂ ಆಗಬೇಕು. ಅತಿ ಮಂದ ಚೌಕದ ಬೆಳಕು ಅತಿ ಪ್ರಖರ ಚೌಕದ 0.4 ಪಟ್ಟಿಗಿಂತ ಕೆಳಗಿಳಿಯಕೂಡದು. ಕೂಸಿನ ಹೊಟ್ಟೆಯ ಮೇಲಷ್ಟೇ ಬೆಳಕು ಚೆಲ್ಲಿ ಕಾಲುಗಳನ್ನು ಕತ್ತಲಲ್ಲಿ ಬಿಡುವ ದೀಪ ಈ ಪರೀಕ್ಷೆಯಲ್ಲಿ ನಪಾಸು.

ಇದೆಲ್ಲ ದೀಪ ಕಾರ್ಖಾನೆಯಿಂದ ಹೊರಬರುವಾಗಿನ ಮಾತು. ಆಮೇಲೆ? ಕಿರಾಣಿ ಅಂಗಡಿಯ ತಕ್ಕಡಿಗೆ, ಬಟ್ಟೆ ಅಂಗಡಿಯ ಮೀಟರ್ ಕೋಲಿಗೆ ಕಾಲಕಾಲಕ್ಕೆ ಮುದ್ರೆ ಬೀಳಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ ಜ್ವರ ನೋಡುವ ಥರ್ಮಾಮೀಟರು, ರಕ್ತದೊತ್ತಡದ ಉಪಕರಣಗಳಿಗೂ ಸ್ಥಾನವಿದೆ. ಆದರೆ ವಾರ್ಡಿನ ನೀಲಿ ದೀಪಕ್ಕೆ ಹಾಗೆ ಮುದ್ರೆ ಒತ್ತುವ ಇನ್‌ಸ್ಪೆಕ್ಟರ್ ಇಲ್ಲ. ಗುಣಮಟ್ಟದ ಪ್ರಮಾಣಪತ್ರ ಬಯಸುವ ಆಸ್ಪತ್ರೆಗಳು ತಾವಾಗಿ ಅಳೆಸಿಕೊಳ್ಳುತ್ತವೆ, ಬಯಸದವರನ್ನು ಕೇಳುವವರಿಲ್ಲ. ಅರ್ಧ ಕಿಲೋ ಸಕ್ಕರೆಯಲ್ಲಿ ಹತ್ತು ಗ್ರಾಂ ಕಡಿಮೆಯಾದರೆ ದಂಡ ಹಾಕಬಲ್ಲ ಕಾನೂನು ಕೂಸಿನ ಬೆಳಕಿನಲ್ಲಿ ಅರ್ಧಕ್ಕರ್ಧ ಖೋತಾ ಆದರೆ ಸುಮ್ಮನಿರುವುದು ಸೋಜಿಗವೇ ಸರಿ. ರಾಜ್ಯಗಳು ಮನಸ್ಸು ಮಾಡಿದರೆ ಖಾಸಗಿ ಆಸ್ಪತ್ರೆಗಳ ನೋಂದಣಿಯ ಷರತ್ತಿನಲ್ಲೇ 'ಇಂತಿಷ್ಟು ತಿಂಗಳಿಗೊಮ್ಮೆ ದೀಪದ ಅಳತೆ' ಎಂಬ ಒಂದು ಸಾಲು ಸೇರಿಸಬಹುದು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ; ಒಂದು ಮಾಪಕ ಒಂದು ಜಿಲ್ಲೆಯ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬರಬಹುದು.

ಬೆಲೆಗೆ ಎರಡು ಮಜಲು

ಬೆಲೆಯ ಪ್ರಶ್ನೆ ಇನ್ನೂ ಗೋಜಲು. ದೀಪ ಕೊಳ್ಳುವುದು ಆಸ್ಪತ್ರೆ, ಹಣ ಕೊಡುವುದು ಕೂಸಿನ ಅಪ್ಪ. ದೀಪದ ಬೆಲೆ ಒಂದು ಮಜಲು. ದೀಪಕ್ಕೆ ದಿನಕ್ಕಿಷ್ಟು ಎಂದು ಹಾಕುವ ಬಿಲ್ಲು ಇನ್ನೊಂದು ಮಜಲು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಔಷಧಗಳು ಸಮವರ್ತಿ ಪಟ್ಟಿಯಲ್ಲಿವೆ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಔಷಧದ ಬೆಲೆ ನಿಯಂತ್ರಣವನ್ನು ಕೇಂದ್ರವು 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ, 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಮೂಲಕ ನಡೆಸುತ್ತದೆ. ಆಸ್ಪತ್ರೆಯ ಬಿಲ್ಲನ್ನು ಪ್ರಶ್ನಿಸಬೇಕಾದದ್ದು ರಾಜ್ಯದ ಕಾಯ್ದೆ.

ಮೊದಲ ಮಜಲಿನಲ್ಲಿ ಏನಾಗಬಹುದು ಎಂಬುದಕ್ಕೆ ಹೃದಯದ ಸ್ಟೆಂಟ್ ಉದಾಹರಣೆ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಬರಿ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು ಗರಿಷ್ಠ ಬೆಲೆ ಕಟ್ಟಿತು. ಅದಕ್ಕೆ ಮೊದಲು ಪ್ರಾಧಿಕಾರವೇ ಹೊರಗೆಡವಿದ ಲೆಕ್ಕದಲ್ಲಿ ಆಸ್ಪತ್ರೆಯ ಹಂತದ ಲಾಭಾಂಶ ಕೆಲವು ಕಡೆ ನೂರಕ್ಕೆ ಆರುನೂರನ್ನೂ ದಾಟಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಕೃತಕ ಮಂಡಿಗೂ ಮಿತಿ ಬಂತು.

ಕೋವಿಡ್ ಕಾಲದಲ್ಲಿ ಇನ್ನೊಂದು ದಾರಿ ಹಿಡಿದರು. 2021ರ ಜೂನ್‌ನಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರಿಗೆ, ಜುಲೈನಲ್ಲಿ ಪಲ್ಸ್ ಆಕ್ಸಿಮೀಟರ್, ರಕ್ತದೊತ್ತಡದ ಯಂತ್ರ, ನೆಬ್ಯುಲೈಸರ್, ಡಿಜಿಟಲ್ ಥರ್ಮಾಮೀಟರ್, ಗ್ಲೂಕೋಮೀಟರ್ ಎಂಬ ಐದಕ್ಕೆ ವ್ಯಾಪಾರದ ಲಾಭಾಂಶ ಶೇಕಡಾ 70ನ್ನು ಮೀರಕೂಡದೆಂದರು. ಅಂದರೆ ವಿತರಕನಿಗೆ 1,000 ರೂಪಾಯಿಗೆ ಕೊಟ್ಟ ವಸ್ತುವಿನ ಮೇಲೆ ತೆರಿಗೆ ಬಿಟ್ಟು 1,700ಕ್ಕಿಂತ ಹೆಚ್ಚಿನ ಬೆಲೆ ಮುದ್ರಿಸುವಂತಿಲ್ಲ. (ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಕೆಂಪು ಮತ್ತು ಅವಕೆಂಪು ಬೆಳಕಿನ ಆಟವೇ.) ಕೂಸುಗಳ ನೀಲಿ ದೀಪ ಆ ಐದರಲ್ಲಿ ಇರಲಿಲ್ಲ. ಅದಕ್ಕೆ ಸಿಕ್ಕಿರುವುದು ಉಳಿದ ಉಪಕರಣಗಳಿಗೆಲ್ಲ ಅನ್ವಯಿಸುವ ಸಾಮಾನ್ಯ ನಿಯಮ: ಮುದ್ರಿತ ಗರಿಷ್ಠ ಬೆಲೆಯನ್ನು 12 ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚಿಸಬಾರದು. ಮೊದಲೇ ಎತ್ತರದಲ್ಲಿರುವ ಬೆಲೆಯನ್ನು ಈ ನಿಯಮ ಇಳಿಸುವುದಿಲ್ಲ, ಓಡದಂತೆ ಹಗ್ಗ ಕಟ್ಟುತ್ತದೆ ಅಷ್ಟೆ.

ಎರಡನೆಯ ಮಜಲಿಗೆ ಬಂದರೆ ಕರ್ನಾಟಕದ ಅನುಭವ ನೆನೆಯಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಸಾರ್ವಜನಿಕರಿಗೆ ತಿಳಿಸಬೇಕು. 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಚಿಕಿತ್ಸೆಯ ದರಗಳನ್ನೇ ಸರ್ಕಾರ ನಿಗದಿ ಮಾಡುವ ತಿದ್ದುಪಡಿ ಮಸೂದೆ ತಂದರು. ಖಾಸಗಿ ವೈದ್ಯರು ಕೆರಳಿದರು. ಆ ವರ್ಷದ ನವೆಂಬರಿನಲ್ಲಿ ರಾಜ್ಯದಾದ್ಯಂತ ಆಸ್ಪತ್ರೆಗಳ ಬಾಗಿಲು ಮುಚ್ಚಿ ಜನ ಪರದಾಡಿದರು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ಪಡೆದ ಮಸೂದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗಳಿಗಷ್ಟೇ ಸೀಮಿತವಾಯಿತು. ರೋಗಿಗಳ ಹಕ್ಕಿನ ಸನ್ನದು ಉಳಿದುಕೊಂಡಿತು. ವೈದ್ಯರ ವಾದದಲ್ಲೂ ಹುರುಳಿಲ್ಲದಿಲ್ಲ: ದರ ತೀರ ಕೆಳಗೆ ಕಟ್ಟಿದರೆ ಹೊಸ ಎಲ್‌ಇಡಿ ದೀಪ ಕೊಳ್ಳುವ ಬದಲು ಹಳೆಯ ಟ್ಯೂಬನ್ನೇ ಇನ್ನೊಂದು ವರ್ಷ ಉರಿಸುವ ಆಸೆ ಯಾರಿಗಾದರೂ ಬರಬಹುದು. ಆದ್ದರಿಂದಲೇ ಬೆಲೆಯ ಮಿತಿಯನ್ನು ಗುಣಮಟ್ಟದ ಅಳತೆಯಿಂದ ಬಿಡಿಸಿ ತಂದರೆ ಕೆಡುಕೇ ಹೆಚ್ಚು. ಅಳತೆಯಿಲ್ಲದ ಅಗ್ಗದ ದೀಪ ಎಲ್ಲಕ್ಕಿಂತ ದುಬಾರಿ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಯ ನವಜಾತ ಶಿಶುವಿಗೆ ಔಷಧ, ಪರೀಕ್ಷೆ, ಚಿಕಿತ್ಸೆ, ಆಸ್ಪತ್ರೆಗೆ ಹೋಗಿಬರುವ ವಾಹನ ಎಲ್ಲವೂ ಉಚಿತ. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ವಿಶೇಷ ಆರೈಕೆ ಘಟಕಗಳಲ್ಲಿ ನೀಲಿ ದೀಪಗಳಿರುತ್ತವೆ.

ಬಿಸಿಲು ಪುಕ್ಕಟೆ, ಆದರೆ...

'ಇಷ್ಟೆಲ್ಲ ಏಕೆ, ಎಳೆಬಿಸಿಲಿಗೆ ಹಿಡಿದರಾಯಿತು' ಎಂದು ಮನೆಯ ಹಿರಿಯರು ಹೇಳುವುದುಂಟು. ಸಿಸ್ಟರ್ ವಾರ್ಡ್ ಕಥೆ ಓದಿದವರಿಗೆ ಅದು ಸರಿಯೆನಿಸಲೂಬಹುದು. ಬಿಸಿಲಿನಲ್ಲಿ ಬೇಕಾದ ನೀಲಿ ಇದೆ, ನಿಜ. ಜೊತೆಗೆ ಚರ್ಮ ಸುಡುವ ಅತಿನೇರಿಳೆ ಕಿರಣವೂ, ಮೈ ಕಾಯಿಸುವ ಅವಕೆಂಪು ಕಿರಣವೂ ಇವೆ. ಬೆಳಗಿನ ಅರ್ಧ ಗಂಟೆಯ ಬಿಸಿಲು ತೀವ್ರ ಕಾಮಾಲೆಗೆ ಸಾಲುವುದೂ ಇಲ್ಲ. ಬಟ್ಟೆ ಬಿಚ್ಚಿದ ಕೂಸು ತಂಪಿಗೆ ಸಿಕ್ಕಿ ನಲುಗುವ ಭಯ ಬೇರೆ. ಆಸ್ಪತ್ರೆಗೆ ಹೋಗುವುದನ್ನು ಬಿಸಿಲಿನ ನೆಚ್ಚಿಕೆಯಲ್ಲಿ ಮುಂದೂಡಿದರೆ ಅಪಾಯ.

ಆದರೆ ನೈಜೀರಿಯದ ಲಾಗೋಸ್‌ನಲ್ಲಿ ವೈದ್ಯರು ಈ ಅಜ್ಜಿಯ ಮಾತನ್ನೇ ಹಿಡಿದು ಅದಕ್ಕೆ ಅಳತೆ ಸೇರಿಸಿದರು. ಕಾರಿನ ಗಾಜಿಗೆ ಅಂಟಿಸುವಂಥ ಹಾಳೆಗಳನ್ನು ಹೊದಿಸಿದ ಚಪ್ಪರ ಕಟ್ಟಿ, ಅತಿನೇರಿಳೆ ಕಿರಣವನ್ನೂ ಅವಕೆಂಪಿನ ಬಹುಭಾಗವನ್ನೂ ಸೋಸಿ, ನೀಲಿಯನ್ನು ಒಳಗೆ ಬಿಟ್ಟರು. ತಾಯಂದಿರು ಪಕ್ಕದಲ್ಲೇ ಕುಳಿತರು. ಬೆಳಕನ್ನು ಮಾಪಕದಿಂದ, ಕೂಸಿನ ಮೈಶಾಖವನ್ನು ಥರ್ಮಾಮೀಟರಿನಿಂದ ಆಗಾಗ ನೋಡುತ್ತಿದ್ದರು. 2015ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಈ ಸೋಸಿದ ಬಿಸಿಲು ಆಸ್ಪತ್ರೆಯ ಸಾಧಾರಣ ದೀಪಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಕೂಸನ್ನು ಲೈಟಿಗೆ ಇಡಬೇಕಾಗಿ ಬಂದ ತಂದೆತಾಯಿ ಕೇಳಬಹುದಾದ ಪ್ರಶ್ನೆಗಳು ಜಗಳದ ಪ್ರಶ್ನೆಗಳಾಗಬೇಕಿಲ್ಲ. ಇದು ಎಲ್‌ಇಡಿಯೋ ಟ್ಯೂಬೋ? ಟ್ಯೂಬಾದರೆ ಯಾವಾಗ ಬದಲಾಯಿಸಿದ್ದು? ಬೆಳಕನ್ನು ಕೊನೆಯ ಸಲ ಅಳೆದದ್ದು ಯಾವಾಗ? ದಿನದ ದರ ಎಷ್ಟು, ಅದು ದರಪಟ್ಟಿಯಲ್ಲಿ ಇದೆಯೆ? ಅನೇಕ ದೀಪಗಳ ಪಕ್ಕದಲ್ಲಿ ಉರಿದ ಗಂಟೆಗಳನ್ನು ಎಣಿಸುವ ಚಿಕ್ಕ ಮೀಟರು ಇರುತ್ತದೆ, ಆಟೊರಿಕ್ಷಾದ ಮೀಟರಿನಂತೆ. ಅದರ ಅಂಕಿಯನ್ನು ಓದಲು ಯಾರ ಅಪ್ಪಣೆಯೂ ಬೇಡ.